ಕಿವಿಯಲ್ಲಿ ಕಾದ ಕೂಸು

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಗು ಕಾಯಬೇಕು ಎನ್ನುತ್ತಾರೆ. ಚಿಕ್ಕಗಂಗಮ್ಮ ಮೊಮ್ಮಗಳನ್ನು ಕಾಯುತ್ತಿದ್ದುದು ಕಿವಿಯಿಂದ. ಮಗುವಿನ ಕಾಲಲ್ಲಿ ಬೆಳ್ಳಿ ಗೆಜ್ಜೆ ಇತ್ತು. ಗೆಜ್ಜೆ ಎಲ್ಲಿ ಸದ್ದು ಮಾಡಿತೋ ಅಲ್ಲಿ ಬುಜ್ಜಿ. ಪಡಸಾಲೆಯ ಟೈಲ್ಸ್ ಮೇಲೆ ಅದರ ಸದ್ದು ಒಂದು ಬಗೆ, ಅಂಗಳದ ಮಣ್ಣಿನ ಮೇಲೆ ಇನ್ನೊಂದು ಬಗೆ, ರೇಷ್ಮೆ ಹುಳುಮನೆ ಮುಂದಿನ ಜಲ್ಲಿಯ ಮೇಲೆ ಮತ್ತೊಂದು. ಒಲೆ ಮುಂದೆ ಮುದ್ದೆ ತಿರುವುತ್ತಿದ್ದವಳು ತಲೆಯನ್ನೂ ಎತ್ತದೆ, "ಬುಜ್ಜೀ, ನೀರಿನ ತೊಟ್ಟಿ ಹತ್ರ ನಿಂದೇನೇ ಕೆಲ್ಸ? ಬಾ ಈಚೆಗೆ" ಎಂದು ಕೂಗಿದರೆ, ನೋಡಿದವರು ಈ ಮುದುಕಿಗೆ ಬೆನ್ನಲ್ಲೂ ಕಣ್ಣಿದೆ ಅಂದುಕೊಳ್ಳುತ್ತಿದ್ದರು. ಬೆನ್ನಿನ ಮಾತಿರಲಿ, ಮುಖದಲ್ಲಿದ್ದ ಎರಡು ಕಣ್ಣೂ ಕೈಕೊಡಲು ಶುರುಮಾಡಿ ವರ್ಷ ಮೀರಿತ್ತು.

ಮೊದಮೊದಲು ಒಲೆಯ ಹೊಗೆ ಎಂದುಕೊಂಡಳು. ಆಮೇಲೆ ವಯಸ್ಸು ಎಂದುಕೊಂಡಳು. ಈಗಂತೂ ಎದುರಿಗಿದ್ದವರ ಮುಖ ಅಕ್ಕಿ ತೊಳೆದ ನೀರಿನೊಳಗೆ ಇದ್ದಂತೆ ಕಾಣುತ್ತಿತ್ತು. ಯಾರು ಎಂದು ಮೈಕಟ್ಟಿನ ಮೇಲೆ ಗೊತ್ತಾಗುತ್ತಿತ್ತು, ನಗುತ್ತಿದ್ದಾರೋ ಸಿಡುಕುತ್ತಿದ್ದಾರೋ ಗೊತ್ತಾಗುತ್ತಿರಲಿಲ್ಲ. ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಇಟ್ಟ ಜಾಗ ಬದಲಾಗದ ಹಾಗೆ ನೋಡಿಕೊಂಡಳು. ಅಕ್ಕಿಯಲ್ಲಿನ ಕಲ್ಲನ್ನು ಬೆರಳಿನಿಂದ ಹುಡುಕಿದಳು. ಯಾರಿಗೂ ಹೇಳಲಿಲ್ಲ.

ಹೇಳದೆ ಇದ್ದುದಕ್ಕೆ ಕಾರಣವಿತ್ತು. ವಕ್ಕಲೇರಿ ಪಕ್ಕದ ಆ ಹಳ್ಳಿಯಲ್ಲಿ ಅವಳ ಗಂಡ ಮುನಿಯಲ್ಲಪ್ಪನಿಗೆ ಒಂದಿಷ್ಟು ಹಿಪ್ಪುನೇರಳೆ ತೋಟ, ರೇಷ್ಮೆ ಸಾಕುವ ಹುಳುಮನೆ, ಎರಡು ಸೀಮೆಹಸು. ಮಗ ಉಮಾಶಂಕರನಿಗೂ ಸೊಸೆ ಮೌನಿಕಾಳಿಗೂ ಮಾಲೂರಿನ ಕಂಪನಿಗಳಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆ. ಮಗುವಿಗೆ ಎರಡು ತುಂಬಿದಾಗಲೇ ಮೌನಿಕಾ, ಮಾಲೂರಿನಲ್ಲಿ ಬಾಡಿಗೆ ಮನೆ ಮಾಡೋಣ, ಕಂಪನಿ ಹತ್ತಿರವೇ ಮಕ್ಕಳನ್ನು ನೋಡಿಕೊಳ್ಳುವ ಪ್ಲೇಹೋಮ್ ಇದೆ ಎಂದು ಮಾತೆತ್ತಿದ್ದಳು. ಆಗ ಚಿಕ್ಕಗಂಗಮ್ಮ ಎದೆ ಬಡಿದುಕೊಂಡು, "ನಾನು ಗಟ್ಟಿಮುಟ್ಟಾಗಿರೋವಾಗ ನನ್ನ ಮೊಮ್ಮಗಳು ಕಂಡೋರ ಮನೇಲಿ ಬೆಳೀಬೇಕೇನಮ್ಮಾ?" ಎಂದು ಅತ್ತಿದ್ದಳು. ಮೌನಿಕಾ ಕರಗಿ, "ಆಯ್ತು ಅತ್ತೆ, ನಿಮ್ ಕೈಲಿ ಆಗೋವರ್ಗೂ ಇಲ್ಲೇ ಇರ್ಲಿ" ಎಂದಿದ್ದಳು.

ಕೈಲಿ ಆಗೋವರೆಗೂ. ಆ ಮಾತು ಚಿಕ್ಕಗಂಗಮ್ಮನ ಮನಸ್ಸಿನಲ್ಲಿ ಹಾಗೇ ಕೂತುಬಿಟ್ಟಿತ್ತು. ಅಸಲಿಗಿಂತ ಬಡ್ಡಿಯ ಮೇಲೆ ಆಸೆ ಜಾಸ್ತಿ ಅಂತಾರಲ್ಲ, ಹಾಗೆ ಹೆತ್ತ ಮಗನಿಗಿಂತ ಈ ಕೂಸಿನ ಮೇಲೆ ಅವಳಿಗೆ ಜೀವ. ಹೆಸರು ಹನ್ವಿತ ಎಂದು ಇಟ್ಟಿದ್ದರು. ಅಜ್ಜಿಯ ನಾಲಿಗೆಗೆ ಅದು ಹೊರಳದೆ ಬುಜ್ಜಿಯಾಗಿತ್ತು. ಬೆಳಿಗ್ಗೆ ಎದ್ದ ಕೂಡಲೆ ಬುಜ್ಜಿ ಬಂದು ಅಜ್ಜಿಯ ಸೆರಗಿನೊಳಗೆ ಮುಖ ತೂರಿಸುತ್ತಿತ್ತು. ಆ ಬಿಸಿ ಉಸಿರಿಲ್ಲದೆ ಇನ್ನು ಅವಳಿಗೆ ಬೆಳಗಾಗುವುದಾದರೂ ಹೇಗೆ?

ಸೊಸೆ ಕೆಟ್ಟವಳಲ್ಲ. ಫೋನಿನಲ್ಲಿ ಮಕ್ಕಳನ್ನು ಬೆಳೆಸುವ ವಿಡಿಯೋ ನೋಡುವುದೊಂದು ಅವಳಿಗೆ ಹುಚ್ಚು. ಬಸ್ಸಿನಲ್ಲಿ ನೋಡಿದ್ದನ್ನು ಊಟದ ಹೊತ್ತಿಗೆ ಮನೆಗೆ ತರುತ್ತಿದ್ದಳು.

"ದ್ರಾಕ್ಷಿ ಹಣ್ಣು ಇಡೀದು ಕೊಡ್ಬಾರ್ದಂತೆ ಅತ್ತೆ, ಉದ್ದಕ್ಕೆ ಸೀಳಿ ಕೊಡ್ಬೇಕಂತೆ. ಕಡ್ಲೆಬೀಜ ಈಗ್ಲೇ ಬೇಡ್ವಂತೆ, ಗಂಟ್ಲಿಗೆ ಸಿಕ್ಕಿಕೊಳ್ಳತ್ತೆ."

"ನಾವು ಕಡ್ಲೆಕಾಯಿ ಹೊಲದಲ್ಲೇ ಹುಟ್ಟಿ ಬೆಳ್ದೋರು. ಒಬ್ರಾದ್ರೂ ಸತ್ರಾ?" ಮುನಿಯಲ್ಲಪ್ಪ ಮುದ್ದೆ ಮುರಿಯುತ್ತ ಅನ್ನುತ್ತಿದ್ದ.

"ಸತ್ತೋರು ಹೇಳೋಕೆ ಬರಲ್ವಲ್ಲಪ್ಪಾ" ಎಂದು ಉಮಾಶಂಕರ ಹೆಂಡತಿಯ ಕಡೆ ಸೇರುತ್ತಿದ್ದ.

"ಮತ್ತೆ ಮಾವ, ಆ ಕೊಟ್ಟಿಗೆ ಬಾಗ್ಲಿಗೊಂದು ಅಡ್ಡಪಟ್ಟಿ ಹೊಡ್ಸಿ ಅಂದಿದ್ದೆ."

"ಹೊಡ್ಸೋಣ, ಹೊಡ್ಸೋಣ. ಹುಳ ಗೂಡಾಗ್ಲಿ."

ಸುಳ್ಳು ಹೇಳಬಾರದು, ಸೊಸೆ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿಯಾದದ್ದೇ. ನೀರಿನ ತೊಟ್ಟಿಗೆ ಮುಚ್ಚಳ ಬಂತು. ಹುಳಕ್ಕೆ ಉದುರಿಸುವ ಸುಣ್ಣದ ಚೀಲ ಅಟ್ಟ ಹತ್ತಿತು. ಆಟಗಳೂ ಬಂದವು. ರಾಗಿಹಿಟ್ಟು ಕಲಸಿ ಹುಳ ಮಾಡುವುದು, ತಟ್ಟೆಯ ನೀರಿನಲ್ಲಿ ಹಿಪ್ಪುನೇರಳೆ ಎಲೆಯ ದೋಣಿ ಬಿಡುವುದು. ಭಾನುವಾರ ಮೌನಿಕಾ ಸೀರೆ ಎತ್ತಿ ಕಟ್ಟಿಕೊಂಡು ಮಗುವಿನ ಜೊತೆ ಅಂಗಳದಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸುತ್ತಿದ್ದರೆ ಚಿಕ್ಕಗಂಗಮ್ಮನಿಗೂ ನಗು ಬರುತ್ತಿತ್ತು. ತಾನು ಹೆತ್ತ ಮಗನ ಜೊತೆ ಯಾವತ್ತು ಹೀಗೆ ಆಡಿದ್ದೆ ಎಂದು ನೆನೆಸಿಕೊಳ್ಳುತ್ತಿದ್ದಳು.

ಅಂಥದೇ ಒಂದು ಭಾನುವಾರ ಮೌನಿಕಾ ಹೊರಗಿನಿಂದ ಓಡಿಬಂದು ಮಗುವಿನ ಬಾಯಿಗೆ ಬೆರಳು ಹಾಕಿದಳು. ಗೆಜ್ಜೆಯ ಒಂದು ಕಿರುಗಂಟೆ ಕಿತ್ತು ಬಂದು ನಾಲಿಗೆಯ ಮೇಲಿತ್ತು.

"ನೋಡಿ ಅತ್ತೆ! ಇನ್ನೊಂದ್ ಗಳಿಗೆ ಬಿಟ್ಟಿದ್ರೆ ಗಂಟ್ಲೊಳಕ್ಕೆ ಹೋಗ್ತಿತ್ತು." ಅಲ್ಲೇ ಕೂತು ಎರಡೂ ಕಾಲಿನ ಗೆಜ್ಜೆ ಬಿಚ್ಚಿದಳು. ಬುಜ್ಜಿ ಕಾಲು ಝಾಡಿಸಿ ಅತ್ತಿತು. ಚಿಕ್ಕಗಂಗಮ್ಮ ಗೆಜ್ಜೆಗೆ ಕೈ ಚಾಚಿದಳು.

"ಅಕ್ಕಸಾಲಿ ಹತ್ರ ಬಿಗಿ ಮಾಡಿಸ್ಕೊಂಡ್ ಬರ್ತೀನಿ ಬಿಡಮ್ಮ. ಹೆಣ್ಮಗಳ ಕಾಲು, ಬೋಳಾಗಿ ಇರ್ಬಾರ್ದು."

"ಬೇಡ ಅತ್ತೆ. ಬೋಳಾಗಿದ್ರೂ ಪರ್ವಾಗಿಲ್ಲ, ಜೀವ ಇರ್ಲಿ. ದೊಡ್ಡೋಳಾಗ್ಲಿ, ಆಮೇಲ್ ಹಾಕೋಣ."

ಅದಕ್ಕೆ ಏನು ಎದುರಾಡುವುದು? ಸೊಸೆಯ ಮಾತು ನ್ಯಾಯವಾದದ್ದು. ಇವಳು ಎದುರಾಡಬೇಕಾದರೆ ಕಣ್ಣಿನ ಸಂಗತಿ ಹೊರಗೆ ಬೀಳಬೇಕು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ಸುಮ್ಮನಾದಳು. ಗೆಜ್ಜೆ ಬೀರು ಸೇರಿತು.

ಮಾರನೆಯ ದಿನದಿಂದ ಮನೆ ಅವಳ ಪಾಲಿಗೆ ಬೇರೆ ಮನೆಯಾಯಿತು. ಮಗು ಸದ್ದಿಲ್ಲದೆ ಬರುತ್ತಿತ್ತು, ಸದ್ದಿಲ್ಲದೆ ಹೋಗುತ್ತಿತ್ತು. ಗಳಿಗೆಗೊಮ್ಮೆ ಕೈ ಕೆಲಸ ಬಿಟ್ಟು ಎದ್ದು ತಡಕಬೇಕು. ಸಂತೆಯಲ್ಲಿ ಗಾಜಿನ ಬಳೆ ತಂದು ತೊಡಿಸಿದಳು. ಸಂಜೆ ಮೌನಿಕಾ, "ಒಡೆದ್ರೆ ಚುಚ್ಚತ್ತೆ ಅತ್ತೆ" ಎಂದು ತೆಗೆದಿಟ್ಟಳು. ಕೊನೆಗೆ ಚಿಕ್ಕಗಂಗಮ್ಮ ಒಂದು ಆಟ ಕಟ್ಟಿದಳು. ಅಜ್ಜಿ "ಬುಜ್ಜೀ" ಅಂದರೆ ಮಗು ಎಲ್ಲಿದ್ದರೂ "ಕೂ" ಅನ್ನಬೇಕು. ಮಗುವಿಗೆ ಅದು ಬಲು ಇಷ್ಟವಾಯಿತು. ಇಡೀ ದಿನ ಮನೆಯಲ್ಲಿ ಬುಜ್ಜೀ, ಕೂ, ಬುಜ್ಜೀ, ಕೂ. ಪಕ್ಕದ ಮನೆಯ ಆಂಜಿನಮ್ಮ ಗೋಡೆಯಾಚೆಯಿಂದ, "ಏನಕ್ಕಾ, ಕೋಗಿಲೆ ಸಾಕಿದ್ದೀಯೇನು?" ಎಂದು ರೇಗಿಸಿದಳು.

ಆಂಜಿನಮ್ಮ ಜಾಣೆ. ಒಂದು ದಿನ ಬಂದು ಎದುರಿಗೆ ಕೂತವಳು ಮಾತು ನಿಲ್ಲಿಸಿ ಸುಮ್ಮನೆ ಚಿಕ್ಕಗಂಗಮ್ಮನ ಮುಖದ ಮುಂದೆ ನಾಲಿಗೆ ಚಾಚಿ ಅಣಕಿಸಿದಳು. ಅವಳಿಗೆ ಗೊತ್ತೇ ಆಗಲಿಲ್ಲ.

"ಅಕ್ಕಾ, ನಿಂಗೆ ಪೊರೆ ಬಂದೈತೆ. ನಮ್ಮಮ್ಮಂಗೂ ಹಿಂಗೇ ಆಗಿತ್ತು. ಮುಂದಿನ್ ವಾರ ಕೋಲಾರದಲ್ಲಿ ಕಣ್ಣಿನ ಕ್ಯಾಂಪ್ ಐತೆ, ನಾನೇ ಕರ್ಕೊಂಡ್ ಹೋಗ್ತೀನಿ. ಒಂದೇ ದಿನದ ಕೆಲ್ಸ."

"ಒಂದ್ ದಿನ ಅಲ್ಲ ಕಣೇ. ಆಪರೇಷನ್ ಆದ್ಮೇಲೆ ಒಲೆ ಹತ್ರ ಹೋಗ್ಬೇಡ, ಬಗ್ಗಬೇಡ, ಮಗು ಎತ್ತಬೇಡ ಅಂತಾರೆ. ಅಷ್ಟರೊಳಗೆ ಇವ್ರು ಬುಜ್ಜಿನ ಮಾಲೂರಲ್ಲಿ ಬಿಟ್ಬಿಡ್ತಾರೆ. ಒಂದ್ಸಲಿ ಬಿಟ್ರೆ ಮುಗೀತು, ತಿರ್ಗ ಬರಲ್ಲ."

"ಮಗೀಗೆ ಏನಾದ್ರೂ ಆದ್ರೆ?"

"ಏನೂ ಆಗಲ್ಲ. ಕೂ ಅಂತೈತಲ್ಲ."

"ಯಾರ್ಗೂ ಹೇಳ್ಬೇಡ ಕಣೇ, ನನ್ನಾಣೆ ಐತೆ" ಎಂದು ಚಿಕ್ಕಗಂಗಮ್ಮ ಅವಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಆಣೆ ಹಾಕಿದ ಮೇಲೆ ಆ ಹೆಂಗಸಾದರೂ ಏನು ಮಾಡಿಯಾಳು?

ವಾರ ಕಳೆಯಿತು. ಹುಳು ಹಣ್ಣಾದವು. ಹಣ್ಣಾದ ಹುಳು ಮೈ ಹಳದಿಯಾಗಿ ಕನ್ನಡಿಯಂತಾಗುತ್ತದೆ. ಅಂಥದ್ದನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಮದುವೆಯಾಗಿ ಬಂದ ವರ್ಷದಿಂದ ಆ ಕೆಲಸ ಚಿಕ್ಕಗಂಗಮ್ಮನದೇ. ಈ ಸಲ ಮುನಿಯಲ್ಲಪ್ಪ ಚಂದ್ರಿಕೆ ನೋಡಿ ಕೂಗಾಡಿದ.

"ಹಸಿ ಹುಳನೆಲ್ಲಾ ತಂದ್ ಬಿಟ್ಟಿದ್ದೀಯಲ್ಲೇ! ಹಣ್ಣು ಯಾವ್ದು ಹಸಿ ಯಾವ್ದು ಅಂತ ಗೊತ್ತಾಗಲ್ವಾ ನಿಂಗೆ? ಕಣ್ಣೆಲ್ಲಿಟ್ಟಿದ್ದೆ?"

"ಮಗು ಕಡೆ ಗ್ಯಾನ ಇತ್ತು" ಎಂದಳು. ಅವನು ಗೊಣಗಿಕೊಂಡು ತಾನೇ ಆರಿಸತೊಡಗಿದ. ಮುದುಕನಿಗೆ ಅಷ್ಟೂ ಹೊಳೆಯಲಿಲ್ಲ. ಜೊತೆಯಲ್ಲಿ ಮುದಿಯಾದವರು ಒಬ್ಬರನ್ನೊಬ್ಬರು ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿರುತ್ತದೆ.

ಆ ಭಾನುವಾರ ಮೌನಿಕಾ ಕಣ್ಣಾಮುಚ್ಚಾಲೆ ಹೇಳಿಕೊಟ್ಟಳು. ಬುದ್ಧಿ ಚುರುಕಾಗುತ್ತದಂತೆ, ತಾಳ್ಮೆ ಬರುತ್ತದಂತೆ. ಮಗು ಮೊದಲು ಬಾಗಿಲ ಮರೆಯಲ್ಲಿ ನಿಂತು, ಅಮ್ಮ ಹುಡುಕುವ ಮುಂಚೆಯೇ "ಕೂ" ಎಂದಿತು. ಎಲ್ಲರೂ ನಕ್ಕರು.

"ಹಂಗಲ್ಲ ಬಂಗಾರ" ಎಂದು ಮೌನಿಕಾ ಮಗುವಿನ ತುಟಿಯ ಮೇಲೆ ಬೆರಳಿಟ್ಟಳು. "ಬಚ್ಚಿಟ್ಕೊಂಡಾಗ ಗಪ್ ಚಿಪ್. ಕರೆದ್ರೂ ಮಾತಾಡ್ಬಾರ್ದು. ಬಂದು ಮುಟ್ಟಿದ್ರೇನೇ ಔಟ್."

ಬುಜ್ಜಿ ಬೇಗ ಕಲಿಯಿತು. ಉಮಾಶಂಕರ ಬೇಕೆಂದೇ ತಪ್ಪು ಜಾಗಗಳಲ್ಲಿ ಹುಡುಕಿದ. ಮಗು ಹಾಸಿಗೆ ಸುರುಳಿಯ ಹಿಂದೆ ಉಸಿರು ಬಿಗಿಹಿಡಿದು ಕೂತು, ಮುಟ್ಟಿದ ಕೂಡಲೆ ಕೇಕೆ ಹಾಕಿತು. ಆ ಕೇಕೆ ಕೇಳುತ್ತ ಚಿಕ್ಕಗಂಗಮ್ಮನಿಗೆ ನಗಲಾಗಲಿಲ್ಲ. ಮಗುವಿಗೆ ಮಾತಾಡಬೇಡ ಅಂತ ಮಾತ್ರ ಹೇಳಿಕೊಡಬೇಡಮ್ಮ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಯಾಕೆ ಅತ್ತೆ ಎಂದರೆ? ನುಂಗಿಕೊಂಡಳು.

ಅದಾದ ಕೆಲವೇ ದಿನಕ್ಕೆ ಒಂದು ಸಂಜೆ. ಮುನಿಯಲ್ಲಪ್ಪ ಹಾಲು ಕರೆದು ಡೈರಿಗೆ ಹೋಗಿದ್ದ. ಚಿಕ್ಕಗಂಗಮ್ಮ ಹುರುಳಿ ಸಾರಿಗೆ ಖಾರ ರುಬ್ಬಿ ಮಿಕ್ಸಿ ನಿಲ್ಲಿಸಿದಳು. ಮನೆ ಸದ್ದಿಲ್ಲದೆ ಇತ್ತು.

"ಬುಜ್ಜೀ."

ಉತ್ತರವಿಲ್ಲ.

"ಬುಜ್ಜೀ... ಎಲ್ಲಿದ್ದೀಯೇ? ಕೂ ಅನ್ನಮ್ಮಾ."

ಪಡಸಾಲೆ ತಡಕಿದಳು. ಬಾಗಿಲ ಮರೆ, ಹಾಸಿಗೆ ಸುರುಳಿ, ಮಂಚದ ಕೆಳಗೆ. ಅಂಗಳಕ್ಕೆ ಬಂದಳು. ನೀರಿನ ತೊಟ್ಟಿಯ ಮುಚ್ಚಳ ಮುಟ್ಟಿ ನೋಡಿದಳು, ಭದ್ರವಾಗಿತ್ತು. ಹುಳುಮನೆಗೆ ಬೀಗ. ಕೊಟ್ಟಿಗೆಗೆ ಬಗ್ಗಿ ನೋಡಿದಳು. ಒಳಗೆ ಮಬ್ಬು. ಎರಡು ಹಸುಗಳ ಕಪ್ಪು ಬಿಳಿ ಬೆನ್ನು ಮಬ್ಬಾಗಿ ಕಂಡಿತು. ಮೇವಿನ ತೊಟ್ಟಿಯ ಪಕ್ಕ ಮೂಲೆಯಲ್ಲಿ ಬೆಳಿಗ್ಗೆ ಕೊಯ್ದು ತಂದ ಹಸಿಹುಲ್ಲಿನ ಗುಡ್ಡೆ. ಅದನ್ನೇ ನೋಡುತ್ತ ನಿಂತು, "ಬುಜ್ಜೀ, ಇಲ್ಲಿದ್ದೀಯಾ?" ಎಂದಳು. ಹಸು ಬಾಲ ಬೀಸಿತು. ತಿರುಗಿ ಬೀದಿಗೆ ಓಡಿದಳು.

"ಆಂಜಿನಮ್ಮಾ, ಬುಜ್ಜಿ ನಿಮ್ಮನೇಗೇನಾದ್ರೂ ಬಂತಾ?"

ಆಂಜಿನಮ್ಮ ಹೊರಗೆ ಬರುವಷ್ಟರಲ್ಲಿ ಕೊಟ್ಟಿಗೆಯಿಂದ ಕಿರುಚಿದ ಸದ್ದು ಬಂತು. ಆ ಸದ್ದನ್ನು ಚಿಕ್ಕಗಂಗಮ್ಮ ಸಾಯುವವರೆಗೂ ಮರೆಯಲಾರಳು.

ಬುಜ್ಜಿ ಕೂತಿದ್ದುದು ಹುಲ್ಲಿನ ಗುಡ್ಡೆಯ ಮುಂದೆಯೇ, ಹಸಿರು ಫ್ರಾಕು ತೊಟ್ಟುಕೊಂಡು, ತುಟಿಯ ಮೇಲೆ ಬೆರಳಿಟ್ಟುಕೊಂಡು. ಹಸು ಹುಲ್ಲಿಗೆ ಕತ್ತು ಚಾಚಿ ಪಕ್ಕಕ್ಕೆ ಜರುಗಿದಾಗ ಅದರ ಗೊರಸು ಮಗುವಿನ ಪಾದದ ಮೇಲೆ ಬಿದ್ದಿತ್ತು. ಸೀಮೆಹಸುವಿನ ಭಾರ. ಆಂಜಿನಮ್ಮ ಹಸುವನ್ನು ನೂಕಿ ಮಗುವನ್ನು ಎಳೆದುಕೊಂಡಳು.

ಕೋಲಾರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೊಣಕಾಲಿನವರೆಗೂ ಬಿಳಿ ಪ್ಲಾಸ್ಟರ್ ಹಾಕಿದರು. "ಬೆಳೆಯೋ ಮೂಳೆಗೇ ಏಟು ಬಿದ್ದಿದೆ. ಕೂಡ್ಕೊಳ್ಳತ್ತೆ, ಆದ್ರೆ ನಡಿಗೆ ಹೇಗಾಗತ್ತೆ ಅಂತ ಈಗ್ಲೇ ಹೇಳೋಕಾಗಲ್ಲ" ಎಂದರು ಡಾಕ್ಟರು. ಕಂಪನಿಯಿಂದ ನೇರವಾಗಿ ಬಂದ ಮೌನಿಕಾ ಮಗುವನ್ನು ಮಡಿಲಿಗೆ ಹಾಕಿಕೊಂಡಳು.

ಅಳು ನಿಂತ ಮೇಲೆ ಬುಜ್ಜಿ ಅಮ್ಮನಿಗೆ ತನ್ನ ಸಾಹಸ ಹೇಳಿತು. "ನಾನು ಗಪ್ ಚಿಪ್. ಅಜ್ಜಿ ಬಂತು. ಅಜ್ಜಿ ನನ್ನ ನೋಡ್ತು."

"ನೋಡ್ತಾ? ನೋಡಿ ಏನ್ ಮಾಡ್ತು ಬಂಗಾರ?"

"ಹೋಯ್ತು. ಮುಟ್ಟಿಲ್ಲ. ನಾನ್ ಔಟಿಲ್ಲ."

ಚಿಕ್ಕಗಂಗಮ್ಮ ಗೋಡೆಗೆ ಒರಗಿ ನಿಂತಿದ್ದಳು. ಆಗ ಸೊಸೆ ತನ್ನ ಕಡೆ ತಿರುಗಿದ್ದು ಗೊತ್ತಾಯಿತು. ಮುಖ ಹೇಗಿತ್ತೋ ಕಾಣಲಿಲ್ಲ.

ಮನೆಗೆ ಬಂದ ಮೇಲೆ ಜಗಳ ಶುರುವಾಯಿತು.

"ಅಮ್ಮ, ಮಗು ಸುಳ್ಳು ಹೇಳಲ್ಲ. ನೋಡಿ ಯಾಕ್ ಬಿಟ್ಬಂದೆ?" ಉಮಾಶಂಕರ ಕೇಳಿದ.

"ಆಟ ಆಡ್ತೈತೆ ಅಂದ್ಕೊಂಡಿರ್ತಾಳೆ ಕಣ್ಲಾ" ಎಂದು ಮುನಿಯಲ್ಲಪ್ಪ ಅಡ್ಡ ಬಂದ. "ಯಾವ ಕಾಲದಲ್ಲಿ ಮಕ್ಳಿಗೆ ಏಟು ಬಿದ್ದಿಲ್ಲ? ನಿಂಗೆ ಎತ್ತು ಒದ್ದಿರ್ಲಿಲ್ವಾ?"

"ಅಪ್ಪ, ನೀನ್ ಸುಮ್ನಿರು. ಆ ಅಡ್ಡಪಟ್ಟಿ ಹೊಡ್ಸು ಅಂತ ಎಷ್ಟ್ ಸಲ ಹೇಳಿದ್ಲು ಇವ್ಳು?"

ಮಾರನೆಯ ದಿನ ಬೆಳಗಾಗುವ ಮುಂಚೆಯೇ ಮುನಿಯಲ್ಲಪ್ಪ ಎದ್ದು ಎಲ್ಲಿಂದಲೋ ಹಲಗೆ ತಂದು ಕೊಟ್ಟಿಗೆಯ ಬಾಗಿಲಿಗೆ ತಾನೇ ಬಡಿದ. ಒಂದೊಂದು ಮೊಳೆಗೂ ಮನೆಯೆಲ್ಲ ಅದುರುತ್ತಿತ್ತು.

ಚಿಕ್ಕಗಂಗಮ್ಮ ಮಾತ್ರ ಬಾಯಿ ಬಿಡಲಿಲ್ಲ. ಹೇಳಿದರೆ ಮಗು ಕೈತಪ್ಪುತ್ತದೆ. ಹೇಳದಿದ್ದರೆ, ಕಂಡೂ ಬಿಟ್ಟುಬಂದ ಪಾಪಿ. ಇನ್ನೂ ಏನೋ ಉಳಿಯಬಹುದು ಎಂಬ ಆಸೆ ಅವಳಿಗೆ. ಮೌನಿಕಾ ರಜೆ ಹಾಕಿ ಮನೆಯಲ್ಲಿ ಉಳಿದಳು. ಮಗುವಿಗೆ ತಾನೇ ಉಣಿಸಿದಳು, ತಾನೇ ಸ್ನಾನ ಮಾಡಿಸಿದಳು, ಕೋಣೆಯ ಬಾಗಿಲು ಹಾಕಿಕೊಂಡು ಮಲಗಿಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಚಿಕ್ಕಗಂಗಮ್ಮ ಎದ್ದು ಸೆರಗು ಸಡಿಲ ಮಾಡಿಕೊಂಡು ಹಾಸಿಗೆಯ ಮೇಲೆ ಸುಮ್ಮನೆ ಕೂರುತ್ತಿದ್ದಳು. ಯಾರೂ ಬರುತ್ತಿರಲಿಲ್ಲ.

ಎರಡನೆಯ ವಾರದ ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಬಸ್ಸಾರು, ಮುದ್ದೆ. ಮೌನಿಕಾ ತಟ್ಟೆ ಸರಿಸಿದಳು.

"ಅತ್ತೆ, ನಾನು ಒಂದೇ ಮಾತು ಕೇಳ್ತೀನಿ. ನಮ್ಮಮ್ಮನ ಮನೇಲಿ, ನಮ್ಮತ್ತೆ ನನ್ಗಿಂತ ಚೆನ್ನಾಗಿ ನೋಡ್ಕೊಳ್ತಾರೆ ಅಂತ ಹೇಳ್ಕೊಂಡ್ ಬಂದೋಳು ನಾನು. ಹಸು ಪಕ್ಕ ಮಗು ಕೂತಿರೋದು ನೋಡೀನೂ ಬಿಟ್ಟು ಬರೋಕೆ ನಿಮ್ಗೆ ಹೆಂಗ್ ಮನ್ಸು ಬಂತು?" ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ ತಿರುಗಿದಳು. "ಹೆಣ್ಣು ಮಗು ತಾನೇ ಅಂತಾನಾ?"

"ಮೌನಿಕಾ!" ಉಮಾಶಂಕರ ಗದರಿದ.

ಚಿಕ್ಕಗಂಗಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು. ಎಲ್ಲವನ್ನೂ ತಡೆದುಕೊಂಡಿದ್ದಳು, ಇದನ್ನು ತಡೆಯಲಾಗಲಿಲ್ಲ. ಆ ಕೂಸು ಹುಟ್ಟಿದ ದಿನ ಊರಿಗೆಲ್ಲ ಬೆಲ್ಲ ಹಂಚಿದವಳು ಅವಳು.

"ನಂಗೆ ಕಣ್ ಕಾಣ್ಸಲ್ಲ ಕಣಮ್ಮಾ" ಎಂದಳು. "ಹುಲ್ಲು ಅಂದ್ಕೊಂಡೆ. ನನ್ ಕೂಸಿನ ಮುಖಾನೇ ನೋಡ್ತಾ ನಿಂತಿದ್ದೆ, ಹುಲ್ಲು ಅಂದ್ಕೊಂಡೆ."

ಉಮಾಶಂಕರ ಎದ್ದು ಬಂದು ಎಂಜಲು ಕೈಯ ಬೆರಳುಗಳನ್ನೇ ಅವಳ ಮುಂದೆ ಹಿಡಿದ.

"ಇದೆಷ್ಟಮ್ಮಾ?"

"ಬೆಳಕಿಗೆ ಅಡ್ಡ ಏನೋ ಐತೆ ಕಣಪ್ಪ. ಎಷ್ಟೂಂತ ಗೊತ್ತಾಗಲ್ಲ."

"ಯಾವಾಗಿಂದ?"

"ಹೋದ್ ವರ್ಷದ ಸಂಕ್ರಾಂತಿಗಿಂತ ಮುಂಚೆ."

"ಅಯ್ಯೋ ನಿನ್ನ" ಎಂದು ಮುನಿಯಲ್ಲಪ್ಪ ಹಣೆ ಹಣೆ ಚಚ್ಚಿಕೊಂಡ. "ಒಂದೇ ಚಾಪೆ ಮೇಲೆ ಮಲಗ್ತೀನಲ್ಲೇ, ನಂಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಮಗೀನ ಮಾಲೂರಿಗೆ ಕರ್ಕೊಂಡ್ ಹೋಗ್ತಿದ್ರಿ."

ಮೌನಿಕಾ ಮೆಲ್ಲಗೆ ಕೇಳಿದಳು. "ಮತ್ತೆ ಇಷ್ಟ್ ದಿನ ಹೆಂಗತ್ತೆ ನೋಡ್ಕೊಂಡ್ರಿ? ಒಂದ್ ಗೀರೂ ಆಗಿರ್ಲಿಲ್ಲ. ಮಗು ಎಲ್ಲಿದ್ರೂ ಗೊತ್ತಾಗ್ತಿತ್ತಲ್ಲ ನಿಮ್ಗೆ?"

ಚಿಕ್ಕಗಂಗಮ್ಮ ಬಾಯಿ ತೆರೆದಳು. ಒಂದು ಮಾತು ಸಾಕಾಗಿತ್ತು. ಗೆಜ್ಜೆ ಎಂದಿದ್ದರೆ ತಪ್ಪಿನಲ್ಲಿ ಅರ್ಧ ಅಲ್ಲಿಂದ ಎದ್ದು ಸೊಸೆಯ ಮಡಿಲಿಗೆ ಹೋಗುತ್ತಿತ್ತು. ಆ ಹುಡುಗಿ ಬದುಕಿರುವಷ್ಟು ದಿನ ಮಗುವಿನ ಕಾಲು ನೋಡಿದಾಗಲೆಲ್ಲ ಅದನ್ನು ನೆನೆಯುತ್ತಿದ್ದಳು. ಹೆತ್ತ ಕರುಳಿಗೆ ಆ ಮುಳ್ಳು ಬೇಡ. ತನ್ನದು ಹೇಗೂ ಒಣಗಿದ ಜೀವ.

"ದೇವ್ರು ನೋಡ್ಕೊಂಡ ಕಣಮ್ಮ" ಎಂದಳು. "ನಾನೇನ್ ನೋಡ್ಕೊಂಡೆ?"

ಅವಳು ಜೀವಮಾನದಲ್ಲಿ ಸೊಸೆಗೆ ಕೊಟ್ಟ ದೊಡ್ಡ ಉಡುಗೊರೆ ಅದು. ಸೊಸೆಗೆ ಗೊತ್ತಾಗಲಿಲ್ಲ, ಗೊತ್ತಾಗಬಾರದೂ ಕೂಡ.

ಅಂದು ಸಂಜೆಯೇ ಎಲ್ಲ ತೀರ್ಮಾನವಾಯಿತು. ಯಾರೂ ಕೂಗಾಡಲಿಲ್ಲ. ಮಾಲೂರಿನಲ್ಲಿ ರೈಲ್ವೆ ಸ್ಟೇಷನ್ ಹಿಂದೆ ಎರಡು ಕೋಣೆಯ ಮನೆ ಸಿಕ್ಕಿತು. ಮಗುವಿನ ಬಟ್ಟೆ, ಆಟಿಕೆ, ಹಾಲಿನ ಲೋಟ ಚೀಲ ಸೇರಿದವು. ಚಿಕ್ಕಗಂಗಮ್ಮ ಹುರಿಹಿಟ್ಟು, ತುಪ್ಪ, ಹಸಿ ಅವರೆಕಾಳು ಕಟ್ಟಿಕೊಟ್ಟಳು. "ಬರೀ ಬಿಸ್ಕತ್ ಕೊಡ್ಬೇಡಮ್ಮ. ರಾತ್ರಿ ಹೊತ್ತು ಬೆನ್ನು ತಟ್ಟಿದ್ರೆ ನಿದ್ದೆ ಬರಲ್ಲ ಅದ್ಕೆ, ಕಿವಿ ಹಿಂದೆ ಸವರ್ಬೇಕು" ಎಂದಳು. ಮೌನಿಕಾ "ಗೊತ್ತು ಅತ್ತೆ" ಎನ್ನಲು ಹೋಗಿ, "ಆಯ್ತು ಅತ್ತೆ" ಎಂದಳು. ಆಟೋ ಹೊರಡುವಾಗ ಬುಜ್ಜಿ, "ಅಜ್ಜಿ ಬರಲ್ವಾ?" ಎಂದು ಕೇಳಿತು. "ಬರ್ತೀನಿ, ನೀನ್ ನಡಿ" ಎಂದ ಚಿಕ್ಕಗಂಗಮ್ಮ ಒಳಗೆ ಬಂದು ಅಡುಗೆಮನೆಯ ಗೋಡೆಗೆ ಹಣೆಯಿಟ್ಟು ಅತ್ತಳು.

ಉಮಾಶಂಕರನೇ ಮುಂದೆ ನಿಂತು ಆಪರೇಷನ್ ಮಾಡಿಸಿದ. ಮೊದಲು ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು. ಹಸಿರು ಪಟ್ಟಿ ಬಿಚ್ಚಿದ ದಿನ, ಮುನಿಯಲ್ಲಪ್ಪ ಇಷ್ಟು ಮುದುಕನಾಗಿದ್ದಾನೆ ಎಂದು ಅವಳಿಗೆ ತಿಳಿಯಿತು. ಮನೆಗೆ ಬಂದು ನೋಡಿದರೆ ಗೋಡೆಯ ತುಂಬ ಮೊಣಕಾಲೆತ್ತರಕ್ಕೆ ಸೀಮೆಸುಣ್ಣದ ಗೀಚು, ಬುಜ್ಜಿಯ ಕೈಬರಹ. ಇಷ್ಟು ದಿನ ಅದರ ಪಕ್ಕದಲ್ಲೇ ಓಡಾಡಿದ್ದಳು. ಈ ಸಲ ಹುಳು ಹಣ್ಣಾದಾಗ ಒಂದು ಹಸಿ ಹುಳುವೂ ಚಂದ್ರಿಕೆ ಏರಲಿಲ್ಲ. "ನಿನ್ ಕಣ್ಣು ಈಗ ಹುಡ್ಗೀರ ಕಣ್ಣು ಕಣೇ" ಎಂದ ಮುನಿಯಲ್ಲಪ್ಪ. "ನಾನಿನ್ನು ಮಗೀನ ನೋಡ್ಕೋಬೋದಲ್ವಾ?" ಎಂದು ಕೇಳಿದಳು. ಅವನು ಸೊಪ್ಪು ಹರಡುತ್ತ, "ಹೋಗಿ ಕೇಳೋಣ" ಎಂದ.

ಕಣ್ಣಿನ ಡಾಕ್ಟರು ದೂರ ಓಡಾಡಬಹುದು ಎಂದ ಮೇಲಿನ ಭಾನುವಾರ ಇಬ್ಬರೂ ಮಾಲೂರಿನ ಬಸ್ಸು ಹತ್ತಿದರು. ಚಿಕ್ಕಗಂಗಮ್ಮ ಕಿಟಕಿ ಪಕ್ಕ ಕೂತು ಇಟ್ಟಿಗೆ ಗೂಡುಗಳನ್ನೂ ನೀಲಗಿರಿ ತೋಪುಗಳನ್ನೂ ಮಗುವಿನ ಹಾಗೆ ನೋಡಿದಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹತ್ತು ಸಲ ಜೋಡಿಸಿಕೊಂಡಳು. ಈಗ ಕಾಣ್ತೈತಮ್ಮ, ಎಲ್ಲಾ ಕಾಣ್ತೈತೆ, ಮಗೀನ ಕಳ್ಸು.

ಬಾಗಿಲು ತೆರೆದದ್ದು ಮೌನಿಕಾ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. "ಬನ್ನಿ ಅತ್ತೆ, ಬನ್ನಿ ಮಾವ. ಕಣ್ಣು ಹೆಂಗಿದೆ?" ಎಂದು ಕೈ ಹಿಡಿದು ಒಳಗೆ ಕರೆದಳು, ಕಾಫಿ ಮಾಡಿದಳು, ಅಡುಗೆಗೆ ಇಟ್ಟಳು. ಬುಜ್ಜಿ ಒಳಕೋಣೆಯಿಂದ ಬಂದಿತು. ಚಿಕ್ಕಗಂಗಮ್ಮ ಮೊಮ್ಮಗಳ ಮುಖವನ್ನು ಹೀಗೆ ಸ್ಪಷ್ಟವಾಗಿ ನೋಡಿದ್ದು ಕೂಸಾಗಿದ್ದಾಗ. ಹುಬ್ಬು ಉಮಾಶಂಕರನದೇ, ಗಲ್ಲ ಮಾತ್ರ ತನ್ನದು. ಆಮೇಲೆ ನಡಿಗೆ ನೋಡಿದಳು. ಬಲಗಾಲಿನ ಪಾದ ಚೂರು ಹೊರಕ್ಕೆ ತಿರುಗಿತ್ತು.

ಮಗು ಎದುರಿಗೆ ಬಂದು ನಿಂತು ಕೈ ಬೀಸಿ, "ಅಜ್ಜಿ, ನಾನು ಇಲ್ಲಿದೀನಿ" ಎಂದಿತು, ದಾರಿ ತಪ್ಪಿದವರಿಗೆ ಹೇಳುವಂತೆ.

"ಕಾಣ್ತೀಯ ಕಣಮ್ಮಿ. ಚೆನ್ನಾಗ್ ಕಾಣ್ತೀಯ."

ಊಟವಾಯಿತು. ಮಾತಾಡಿದರು. ಚಿಕ್ಕಗಂಗಮ್ಮ ಜೋಡಿಸಿಕೊಂಡು ಬಂದ ಮಾತಿಗೆ ಮುಹೂರ್ತ ಸಿಗಲಿಲ್ಲ. ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಾಗ ಮೌನಿಕಾ ಪಾತ್ರೆ ತೊಳೆಯುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಳು. ಮಗು ಇಳಿದ ಮೇಲೆ ಒಳಗೆ ಹೋದಳು. ಮಗು ಅಜ್ಜಿಯ ಜೊತೆ ಮೆಟ್ಟಿಲಿನವರೆಗೆ ಹೋದಾಗ ಮತ್ತೆ ಬಂದಳು, ಕೈಯಲ್ಲಿ ಸೋಪಿನ ನೊರೆ.

"ಮೌನಿಕಾ, ಬುಜ್ಜಿಗೆ ಏನಾದ್ರೂ ಕೊಡ್ಸ್ತೀನಮ್ಮ. ಇಲ್ಲೇ, ಎದುರಿನ ಅಂಗ್ಡಿ" ಎಂದಳು ಚಿಕ್ಕಗಂಗಮ್ಮ.

"ಹೋಗೋಣ ಅತ್ತೆ, ಅದಕ್ಕೇನಂತೆ. ನಾನೂ ಬರ್ತೀನಿ." ಮಾತು ಮೆತ್ತಗಿತ್ತು, ಮರ್ಯಾದೆಯಿತ್ತು, ಪ್ರೀತಿಯೂ ಇತ್ತು. ಕಣ್ಣು ಮಾತ್ರ ಮಗುವಿಗೂ ಅಜ್ಜಿಯ ಕೈಗೂ ನಡುವೆ ಓಡಾಡುತ್ತಿತ್ತು, ಕುದಿಯುವ ಹಾಲನ್ನು ನೋಡುವ ಹಾಗೆ. ಆ ಕಣ್ಣಿನಲ್ಲಿ ದ್ವೇಷವಿರಲಿಲ್ಲ. ದ್ವೇಷವಿದ್ದಿದ್ದರೆ ಒಂದು ದಿನ ಇಳಿಯುತ್ತಿತ್ತೇನೋ. ಇದು ಭಯ, ಇಳಿಯುವ ಜಾತಿಯದಲ್ಲ. ಕೇಳಬೇಕೆಂದು ಬಂದ ಮಾತನ್ನು ಚಿಕ್ಕಗಂಗಮ್ಮ ಅಲ್ಲೇ ಬಿಟ್ಟಳು.

ಮೂವರೂ ಮೆಟ್ಟಿಲು ಇಳಿದರು. ರಸ್ತೆಯಲ್ಲಿ ಟೆಂಪೋಗಳು ಓಡಾಡುತ್ತಿದ್ದವು. "ಬಾರಮ್ಮಿ, ಕೈ ಕೊಡು" ಎಂದು ಚಿಕ್ಕಗಂಗಮ್ಮ ಕೈ ಚಾಚಿದಳು. ಬುಜ್ಜಿ ಕೈ ಎತ್ತಿತು. ಎತ್ತಿದ್ದನ್ನು ಹಾಗೇ ತಡೆದು, ಕತ್ತು ಮೇಲೆ ಮಾಡಿ ಅಮ್ಮನ ಮುಖ ನೋಡಿತು, ಕೊಡಲಾ ಎಂಬಂತೆ. ಚಿಕ್ಕಗಂಗಮ್ಮನಿಗೆ ಅದು ಚೆನ್ನಾಗಿ ಕಾಣಿಸಿತು.